ಕಾಗಲ್ ದಾಟಿದರೆ ವಯಸ್ಸು ಸಾಲದು

ಹುಬ್ಬಳ್ಳಿಯಲ್ಲಿ ರಾತ್ರಿ ಪುಣೆ ಬಸ್ಸು ಹತ್ತುವ 22 ವರ್ಷದ ಹುಡುಗನೊಬ್ಬನನ್ನು ನೆನೆಸಿಕೊಳ್ಳಿ. ಡಿಗ್ರಿ ಮುಗಿದಿದೆ, ಬ್ಯಾಗಿನಲ್ಲಿ ಆಫರ್ ಲೆಟರ್ ಇದೆ. ಬಸ್ಸು ಧಾರವಾಡ, ಬೆಳಗಾವಿ, ಸಂಕೇಶ್ವರ, ನಿಪ್ಪಾಣಿ ದಾಟುವವರೆಗೂ ಅವನು ಬಾರಿಗೆ ಹೋಗಿ ವಿಸ್ಕಿ ಕೇಳಬಹುದಾದ ವಯಸ್ಸಿನವನು. ಕೊಗನೊಳ್ಳಿ ಟೋಲ್ ನಾಕಾ ಹಿಂದೆ ಬಿದ್ದು ಕಾಗಲ್ ಬಂತೆಂದರೆ ಅದೇ ಹುಡುಗ, ಅದೇ ಸೀಟಿನಲ್ಲಿ ಕೂತಿದ್ದರೂ, ಅಷ್ಟು ವಯಸ್ಸಾಗದವನು. ಇನ್ನು ಮೂರು ವರ್ಷ ಕಾಯಬೇಕು. ಮಹಾರಾಷ್ಟ್ರದಲ್ಲಿ ವಿಸ್ಕಿ, ರಮ್ಮು, ದೇಶಿ ದಾರು ಇವಕ್ಕೆಲ್ಲ 25 ತುಂಬಿರಬೇಕು. ಬಿಯರ್‌ಗೆ ಮಾತ್ರ 21 ಸಾಕು.

ನೀವು ಯಾವ ಊರಿನಲ್ಲಿ ಕೂತು ಇದನ್ನು ಓದುತ್ತಿದ್ದೀರೋ, ಅಲ್ಲಿಯ ಲೆಕ್ಕ ಬೇರೆಯೇ ಇರಬಹುದು. ಹೈದರಾಬಾದಿನಲ್ಲಿ 21, ಚೆನ್ನೈನಲ್ಲೂ 21. ಆದರೆ ಚೆನ್ನೈನವರು ಶನಿವಾರ ಈಸ್ಟ್ ಕೋಸ್ಟ್ ರೋಡ್ ಹಿಡಿದು ಪುದುಚೇರಿಗೆ ಹೋದರೆ ಅಲ್ಲಿ 18. ಕೇರಳ 2017ರ ಕೊನೆಗೆ 21 ಇದ್ದದ್ದನ್ನು 23 ಮಾಡಿತು. ದೆಹಲಿಯಲ್ಲಿ 25, ಅಲ್ಲಿಂದ ಮೆಟ್ರೋ ಹತ್ತಿ ಗುರುಗ್ರಾಮದಲ್ಲಿ ಇಳಿದರೆ 21. ಗುಜರಾತ್, ಬಿಹಾರದಲ್ಲಿ ವಯಸ್ಸಿನ ಮಾತೇ ಇಲ್ಲ, ನೂರು ವರ್ಷದ ಅಜ್ಜನಿಗೂ ಇಲ್ಲ. ಸಂವಿಧಾನದಲ್ಲಿ ಮದ್ಯ ರಾಜ್ಯಪಟ್ಟಿಗೆ ಸೇರಿದ ವಿಷಯ, ಹಾಗಾಗಿ ಒಂದೊಂದು ರಾಜ್ಯಕ್ಕೆ ಒಂದೊಂದು ಅಂಕಿ.

ಇದನ್ನು ತಮಾಷೆಯಾಗಿ ಹೇಳಿ ಮುಗಿಸಬಹುದಿತ್ತು. ನನ್ನ ಕೆಲಸ ಅದಕ್ಕೆ ಬಿಡುವುದಿಲ್ಲ. ನಾನು ಹಾವೇರಿ ಕಡೆಯವನು, ಪುಣೆಗೆ ಬಂದು 19 ವರ್ಷ ಆಯಿತು. ಚಾಕಣದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಲ್ಲಿ ಟ್ರೈನಿಂಗ್ ವಿಭಾಗ ನೋಡಿಕೊಳ್ಳುತ್ತೇನೆ. ಪ್ರತಿ ಜುಲೈನಲ್ಲಿ ಕಾಲೇಜುಗಳಿಂದ ನೇರವಾಗಿ 30–40 ಹುಡುಗ ಹುಡುಗಿಯರು ಬಂದು ಇಳಿಯುತ್ತಾರೆ. ಅವರಲ್ಲಿ ನಮ್ಮ ಕಡೆಯವರು ಏಳೆಂಟು ಜನ ಇದ್ದೇ ಇರುತ್ತಾರೆ. ಮೊದಲ ವರ್ಷ ಅವರಿಗೆ ರೂಮು ಹುಡುಕುವುದರಿಂದ ಹಿಡಿದು ಜ್ವರ ಬಂದರೆ ಡಾಕ್ಟರ ಬಳಿ ಕರೆದೊಯ್ಯುವವರೆಗೆ ಎಲ್ಲವೂ ನನ್ನ ಕಡೆಗೇ ಬರುತ್ತದೆ. ಕುಡಿಯುವ ವಯಸ್ಸು ಇಳಿಸಬೇಕೋ ಬೇಡವೋ ಎಂಬುದು ಟಿವಿ ಚರ್ಚೆಯಲ್ಲಿ ಒಂದು ವಿಷಯ. ನನಗೆ ಅದು ವರ್ಷಕ್ಕೊಮ್ಮೆ ಎದುರಾಗುವ ಪ್ರಶ್ನೆ.

ಮೊದಲು ಇಲ್ಲಿಯ ಕಾನೂನಿನ ವಿಚಿತ್ರ ಹೇಳಬೇಕು. ಹೊಸದಾಗಿ ಬಂದವರು ಬಾರ್‌ಗಳ ಮೇಲೆ ‘ಪರ್ಮಿಟ್ ರೂಮ್’ ಎಂಬ ಬೋರ್ಡು ನೋಡಿ, ಇದೇನು ಸರಕಾರಿ ಕಚೇರಿಯೇ ಎಂದು ಕೇಳುತ್ತಾರೆ. ಮಹಾರಾಷ್ಟ್ರದಲ್ಲಿ ಇಂದಿಗೂ ನಡೆಯುವುದು 1949ರ ಬಾಂಬೆ ಪಾನನಿಷೇಧ ಕಾಯ್ದೆ, ಈಗ ಹೆಸರು ಮಾತ್ರ ಮಹಾರಾಷ್ಟ್ರದ್ದು. ಕಾಯ್ದೆಯ ಮೂಲ ಭಾವ ‘ಯಾರೂ ಕುಡಿಯಬಾರದು’ ಎಂಬುದು. ಕುಡಿಯಬೇಕೆಂದರೆ ಸರಕಾರದಿಂದ ಪರ್ಮಿಟ್ ಇರಬೇಕು. ಒಂದು ದಿನದ ಪರ್ಮಿಟ್‌ಗೆ 5 ರೂಪಾಯಿ, ವರ್ಷಕ್ಕೆ 100, ಜೀವನಪೂರ್ತಿಗೆ 1000 ಎಂದು ಬಹುಕಾಲದಿಂದ ನಡೆದುಬಂದಿದೆ. ನಿಮ್ಮ ಮುಂದೆ ಬಂದ ಗ್ಲಾಸಿನ ಹಿಂದೆ ಕೌಂಟರಿನಲ್ಲಿ ಎಲ್ಲೋ ನಿಮ್ಮ ಹೆಸರಿಲ್ಲದ ಒಂದು ಪರ್ಮಿಟ್ ಚೀಟಿ ಹರಿದಿರುತ್ತದೆ, ಅಷ್ಟೇ. ಅಂದಹಾಗೆ ಇದು ನಮಗೆ ಹೊರಗಿನ ಕಾಯ್ದೆಯೂ ಅಲ್ಲ. 1956ರಲ್ಲಿ ರಾಜ್ಯಗಳ ಮರುವಿಂಗಡಣೆ ಆಗುವವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳೆಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ನಮ್ಮ ಅಜ್ಜಂದಿರು ಕದ್ದು ಕುಡಿದದ್ದು ಇದೇ ಕಾಯ್ದೆಯ ಕೆಳಗೆ.

ಈ ಪರ್ಮಿಟ್ ಪದ್ಧತಿಯಿಂದ ಒಂದು ದೊಡ್ಡ ವ್ಯತ್ಯಾಸ ಆಗುತ್ತದೆ. ಕರ್ನಾಟಕದಲ್ಲಿ 21ರ ನಿಯಮ ಮುಖ್ಯವಾಗಿ ಮಾರುವವನಿಗೆ ಕಟ್ಟಿದ್ದು, ಅವನ ಲೈಸೆನ್ಸಿನ ಷರತ್ತು. ಇಲ್ಲಿ ಪರ್ಮಿಟ್ ಇಲ್ಲದೆ ಕುಡಿದವನೂ ತಪ್ಪಿತಸ್ಥ. 25 ಆಗದವನಿಗೆ ಪರ್ಮಿಟ್ ಸಿಗುವುದಿಲ್ಲ. ಆದ್ದರಿಂದ ಒಂದು ಪೆಗ್ ವಿಸ್ಕಿ ಹಾಕಿದ 23ರ ಎಂಜಿನಿಯರ್ ಕಾಗದದ ಮೇಲೆ ಅಪರಾಧಿ. ಅದೇ ವಯಸ್ಸಿನಲ್ಲಿ ಯುಪಿಎಸ್‌ಸಿ ಪಾಸಾಗಿ ಐಪಿಎಸ್ ಆದವನು ಮುಂಬಯಿಯ ಬಾರಿನ ಮೇಲೆ ದಾಳಿಗೆ ಹೋಗಬಹುದು, ಕೆಲಸ ಮುಗಿಸಿ ಅಲ್ಲೇ ಕೂತು ಒಂದು ಪೆಗ್ ಹಾಕುವಂತಿಲ್ಲ. 18ಕ್ಕೆ ಮತ, ಗಂಡಿಗೆ 21ಕ್ಕೆ ಮದುವೆ, 25ಕ್ಕೆ ಲೋಕಸಭೆ ಚುನಾವಣೆಗೆ ನಿಲ್ಲುವ ಅರ್ಹತೆ. ವಿಸ್ಕಿಯನ್ನು ಮಹಾರಾಷ್ಟ್ರ ಲೋಕಸಭೆಯ ಸಾಲಿನಲ್ಲಿ ಇಟ್ಟಿದೆ.

ಬಿಯರ್‌ಗೆ 21, ವಿಸ್ಕಿಗೆ 25 ಎಂಬುದಕ್ಕೆ ಕಾರಣ ಕೇಳಿದರೆ ಬಿಯರ್ ಹಗುರ ಎನ್ನುತ್ತಾರೆ. ನಾನು ಎಂಜಿನಿಯರ್, ಲೆಕ್ಕ ಹಾಕಿ ನೋಡಿದೆ. ಹುಡುಗರು ಕೇಳುವುದು ಸ್ಟ್ರಾಂಗ್ ಬಿಯರನ್ನೇ. ಶೇ 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿಯಲ್ಲಿ 52 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತದೆ. ಶೇ 42.8ರ ವಿಸ್ಕಿಯ 30 ಎಂಎಲ್ ಪೆಗ್ಗಿನಲ್ಲಿ ಇರುವುದು 13 ಎಂಎಲ್‌ಗಿಂತ ತುಸು ಕಡಿಮೆ. ಅಂದರೆ ಒಂದು ಬಾಟಲಿ ಬಿಯರ್ ಎಂದರೆ ನಾಲ್ಕು ಸ್ಮಾಲ್ ಪೆಗ್. 21 ವರ್ಷದವನು ಮೂರು ಬಾಟಲಿ ಎತ್ತಿದರೂ ಕಾನೂನಿಗೆ ತೊಂದರೆ ಇಲ್ಲ, 24ರವನು ಒಂದೇ ಒಂದು ಪೆಗ್ ಮುಟ್ಟಿದರೆ ತಪ್ಪು. ಯಾವ ದೇಹಶಾಸ್ತ್ರ ಓದಿ ಇದನ್ನು ಬರೆದರೋ ನನಗಂತೂ ತಿಳಿಯದು.

ಎರಡು ವರ್ಷದ ಹಿಂದಿನ ಬ್ಯಾಚಿಗೆ ಕಂಪನಿಯಿಂದ ಸ್ವಾಗತದ ಊಟ ಇಟ್ಟಿದ್ದೆವು. ಹೋಟೆಲಿನ ಮ್ಯಾನೇಜರ್ ಒಂದು ಕಾಗದ ಮುಂದಿಟ್ಟರು. ‘ಬಂದಿರುವ ಎಲ್ಲ ಅತಿಥಿಗಳಿಗೂ 25 ತುಂಬಿದೆ’ ಎಂದು ಅದರಲ್ಲಿ ಟೈಪ್ ಆಗಿತ್ತು, ಕೆಳಗೆ ನನ್ನ ಸಹಿಗೆ ಜಾಗ. ‘ಸಾಹೇಬ್, ಎಲ್ಲರೂ ಹಾಕುತ್ತಾರೆ, ಬರೀ ಫಾರ್ಮ್ಯಾಲಿಟಿ’ ಎಂದರು. ಹಾಲಿನ ತುಂಬ ಕೂತಿದ್ದವರಲ್ಲಿ 25 ದಾಟಿದ್ದವರು ನಾನು ಮತ್ತು ಇಬ್ಬರು ಸೂಪರ್‌ವೈಸರ್‌ಗಳು ಮಾತ್ರ. ನಾನು ಸಹಿ ಹಾಕಲಿಲ್ಲ. ಬಿಯರ್ ಆದರೂ ಕೊಡಬಹುದೇ ಎಂದು ಕೇಳಿದೆ. ಡಿಪ್ಲೊಮಾ ಮುಗಿಸಿ ಬಂದ 19–20ರವರೂ ಇದ್ದರು. ಯಾರಿಗೆ ಬಿಯರ್, ಯಾರಿಗೆ ಸೋಡಾ ಎಂದು ನೋಡುತ್ತ ನಿಲ್ಲುವುದು ನಮ್ಮ ವೇಟರ್‌ಗಳಿಂದ ಆಗದು ಎಂದುಬಿಟ್ಟರು. ನಿಂಬೆ ಸೋಡಾ, ಪನೀರ್, ಬಿರಿಯಾನಿಯಲ್ಲಿ ಊಟ ಮುಗಿಯಿತು.

ಊಟ ಮುಗಿದ ಮೇಲೆ ಗದಗ ಜಿಲ್ಲೆಯ ಹುಡುಗನೊಬ್ಬ ಬಳಿ ಬಂದ. ‘ಸರ್, ನಂಗ 22 ಆಗೇತ್ರಿ. ಊರಾಗ ಯಾರೂ ಏನೂ ಕೇಳಂಗಿಲ್ಲ. ಇಲ್ಲಿ ಯಾಕ್ರಿ ಹಿಂಗ?’ ಎಂದ.

‘ಇಲ್ಲಿ ಕಾನೂನು ಹಂಗೈತಪಾ. ರಾಜ್ಯ ಬ್ಯಾರೆ’ ಎಂದೆ.

‘ಕೆಲಸಕ್ಕ ಸೇರಾಕ ವಯಸ್ಸಾಗೇತಿ, ಕುಡ್ಯಾಕ ಆಗಿಲ್ಲನ್ರಿ?’ ಎಂದು ನಕ್ಕ. ನಾನೂ ನಕ್ಕೆ. ಅವತ್ತು ನಗುವ ಮಾತೇ ಆಗಿತ್ತು.

ಸೆಪ್ಟೆಂಬರಿನ ಒಂದು ಶನಿವಾರ ರಾತ್ರಿ 1 ಗಂಟೆ 40 ನಿಮಿಷಕ್ಕೆ ನನ್ನ ಫೋನ್ ಬಡಿಯಿತು. ಅವನ ರೂಮ್‌ಮೇಟ್. ತಳೇಗಾಂವ್ ರಸ್ತೆಯ ಯಾವುದೋ ಢಾಬಾದಲ್ಲಿ ಐದು ಜನ ಕುಡಿದು, ಎರಡು ಬೈಕಿನಲ್ಲಿ ವಾಪಸು ಬರುವಾಗ ಇವನ ಬೈಕು ಡಿವೈಡರಿಗೆ ಹೊಡೆದಿತ್ತು. ಬಲಗಾಲು ಎರಡು ಕಡೆ ಮುರಿದಿತ್ತು. ಆ ಢಾಬಾದವರು ಹಾಳೆ ಮುಂದಿಟ್ಟಿರಲಿಲ್ಲ, ಸಹಿ ಕೇಳಿರಲಿಲ್ಲ. ಲೈಸೆನ್ಸೇ ಇಲ್ಲದವರು ವಯಸ್ಸನ್ನು ಯಾಕೆ ಕೇಳುತ್ತಾರೆ?

ನಾನು ಆಸ್ಪತ್ರೆಗೆ ಹೋಗಿ, ಕಾಲಿಗೆ ರಾಡ್ ಹಾಕುವ ತೀರ್ಮಾನ ಆಗಿ, ಬೆಳಗಿನ ಜಾವ ಹೊರಗೆ ಬೆಂಚಿನ ಮೇಲೆ ಕೂತಾಗ ಉಳಿದ ಹುಡುಗರಿಂದ ಸಮಯ ಕೇಳಿ ತಿಳಿದೆ. ಬೈಕ್ ಬಿದ್ದದ್ದು ಸುಮಾರು 12.20ಕ್ಕೆ. ನನಗೆ ಫೋನ್ ಬಂದದ್ದು 1.40ಕ್ಕೆ. ನಡುವೆ ಒಂದು ಗಂಟೆ ಇಪ್ಪತ್ತು ನಿಮಿಷ ಏನು ಮಾಡಿದಿರಿ ಎಂದೆ. ಯಾರೂ ತಲೆ ಎತ್ತಲಿಲ್ಲ. ಕೊನೆಗೆ ಒಬ್ಬ ಹೇಳಿದ: ‘108ಕ್ಕ ಫೋನ್ ಮಾಡಿದ್ರ ಪೊಲೀಸ್ರೂ ಬರ್ತಾರ ಅಂತ ಅಂಜಿದ್ವಿ ಸರ್. ನಮಗ್ಯಾರಿಗೂ 25 ಆಗಿಲ್ಲ. ಕೇಸ್ ಆದ್ರ ನೌಕರಿ ಹೋಗತೈತಿ ಅಂದ್ಕೊಂಡ್ವಿ.’ ರಸ್ತೆ ಪಕ್ಕದಲ್ಲಿ ಅವನನ್ನು ಮಲಗಿಸಿಕೊಂಡು, ನೀರು ಕುಡಿಸಿ, ಬಾಯಿ ವಾಸನೆ ಹೋಗಲೆಂದು ಎಲ್ಲರೂ ಚೂಯಿಂಗ್ ಗಮ್ ಜಗಿಯುತ್ತ ಕೂತಿದ್ದರಂತೆ.

ಡಾಕ್ಟರ್ ನನಗೆ ಹೇಳಿದ್ದು ಇಷ್ಟು: ರಕ್ತನಾಳಕ್ಕೆ ಪೆಟ್ಟು ಬಿದ್ದಿದ್ದರೆ ಆ ಒಂದೂಕಾಲು ಗಂಟೆಯಲ್ಲಿ ಕಾಲೇ ಹೋಗುತ್ತಿತ್ತು. ಇವನ ಅದೃಷ್ಟ, ಪೆಟ್ಟು ಮೂಳೆಗೆ ಮಾತ್ರ ಬಿದ್ದಿತ್ತು.

ಮರುದಿನ ಮಧ್ಯಾಹ್ನ ಅವನ ತಂದೆ ತಾಯಿ ಬಂದರು. ತಂದೆಗೆ ಊರಲ್ಲಿ ಸಣ್ಣ ಕಿರಾಣಿ ಅಂಗಡಿ. ಅವರ ಮೊದಲ ಮಾತು ಕಾಲಿನ ಬಗ್ಗೆ ಇರಲಿಲ್ಲ. ‘ಸರ್, ಇಂವ ಕುಡೀತಾನ ಅನ್ನೂದು ನಮಗ ಗೊತ್ತಿದ್ದಿಲ್ರಿ’ ಎಂದರು. ತಾಯಿ ಗೋಡೆಗೆ ಒರಗಿ ನಿಂತಿದ್ದರು, ಒಂದೂ ಮಾತಾಡಲಿಲ್ಲ. ಆಸ್ಪತ್ರೆಯ ಕಾಗದದಲ್ಲಿ ಮದ್ಯ ಸೇವಿಸಿದ್ದ ಎಂದು ಬರೆದಿದ್ದರಿಂದ ಇನ್ಶೂರೆನ್ಸ್ ಕ್ಲೇಮು ತಿರಸ್ಕೃತವಾಯಿತು. 2 ಲಕ್ಷ 60 ಸಾವಿರ ಬಿಲ್ಲು. ಬ್ಯಾಚಿನವರು, ನಾವು ಸೇರಿ ಒಂದಿಷ್ಟು ಕೂಡಿಸಿದೆವು, ಉಳಿದದ್ದಕ್ಕೆ ಅವರು ಅಂಗಡಿಯ ಮೇಲೆ ಸಾಲ ತೆಗೆದರು. ಹುಡುಗ ಎಂಟು ತಿಂಗಳು ಊರಲ್ಲಿದ್ದ. ಈಗ ಹುಬ್ಬಳ್ಳಿಯ ತಾರಿಹಾಳದಲ್ಲಿ ಒಂದು ಕಡೆ ಕೆಲಸ ಮಾಡುತ್ತಿದ್ದಾನೆ, ಸ್ವಲ್ಪ ಕುಂಟುತ್ತಾನೆ.

ಅವನು ಕುಡಿದು ಬೈಕ್ ಓಡಿಸಿದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಅದು 22ರವನಿಗೂ 52ರವನಿಗೂ ಒಂದೇ, ಇರಬೇಕಾದದ್ದೂ ಹಾಗೆಯೇ. ನನ್ನ ಪ್ರಶ್ನೆ ಉಳಿದ ನಾಲ್ವರ ಭಯದ ಬಗ್ಗೆ. ಅವರು ಹೆದರಿದ್ದು ಕುಡಿದು ಗಾಡಿ ಓಡಿಸಿದ್ದಕ್ಕಲ್ಲ, ತಮ್ಮ ವಯಸ್ಸಿಗೆ. ಅಪಘಾತದಲ್ಲಿ ನೆರವಾದವರನ್ನು ಪೀಡಿಸಬಾರದು ಎಂಬ ರಕ್ಷಣೆಯನ್ನು 2019ರಲ್ಲಿ ಅದೇ ಕಾಯ್ದೆಗೆ ಸೇರಿಸಿದ್ದಾರೆ. ತಾನೂ ಕುಡಿದಿರುವ, ತಾನೂ ಅಪರಾಧಿ ಎಂದುಕೊಂಡ 22ರ ಹುಡುಗನಿಗೆ ನಡುರಾತ್ರಿ ಅದು ನೆನಪಿಗೆ ಬರುವುದಿಲ್ಲ.

25 ಎಂಬ ಅಂಕಿ ಯಾರನ್ನು ಕಾಪಾಡುತ್ತಿದೆ ಎಂದು ಕೇಳಿದರೆ ಪುಣೆಯವರಾದ ನಮಗೆ 2024ರ ಮೇ 19 ನೆನಪಾಗುತ್ತದೆ. ಕಲ್ಯಾಣಿ ನಗರದಲ್ಲಿ 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಶೆ ಕಾರು ಬೈಕಿಗೆ ಗುದ್ದಿ, ಮಧ್ಯಪ್ರದೇಶದಿಂದ ಇಲ್ಲಿಗೆ ದುಡಿಯಲು ಬಂದಿದ್ದ ಇಬ್ಬರು ಐಟಿ ಎಂಜಿನಿಯರ್‌ಗಳು ಸತ್ತರು. ನಮ್ಮ ಹಾಗೆಯೇ ಊರು ಬಿಟ್ಟು ಬಂದವರು. ಅಪಘಾತಕ್ಕೆ ಮುಂಚೆ ಆ ಹುಡುಗನಿಗೆ ಮದ್ಯ ಕೊಟ್ಟರೆಂದು ಎರಡು ಬಾರುಗಳ ಮೇಲೆ ಕೇಸಾಯಿತು, ಮ್ಯಾನೇಜರುಗಳ ಬಂಧನವಾಯಿತು. 300 ಪದದ ಪ್ರಬಂಧ ಬರೆಯಲು ಹೇಳಿ ಜಾಮೀನು ಕೊಟ್ಟದ್ದು, ರಕ್ತದ ಮಾದರಿ ಬದಲಾಯಿಸಿದ ಆರೋಪ, ಡಾಕ್ಟರುಗಳ ಬಂಧನ ಎಲ್ಲವನ್ನೂ ನೀವು ಪತ್ರಿಕೆಯಲ್ಲಿ ಓದಿದ್ದೀರಿ. ಜನ ಪ್ರಬಂಧದ ಬಗ್ಗೆ ಸಿಟ್ಟಾದರು, ಸರಿಯಾದ ಸಿಟ್ಟೇ. ನನಗೆ ಅದಕ್ಕಿಂತ ಮುಂಚಿನ ಗಳಿಗೆಯೇ ಮುಖ್ಯ ಎನಿಸಿತು. ದೇಶದಲ್ಲೇ ಅತಿ ಹೆಚ್ಚಿನ ವಯೋಮಿತಿ ಇರುವ ರಾಜ್ಯಗಳಲ್ಲಿ ಒಂದರಲ್ಲಿ, ಆ ಮಿತಿಗೆ ಎಂಟು ವರ್ಷ ಕಡಿಮೆ ಇದ್ದವನ ಟೇಬಲ್ಲಿಗೆ ಮದ್ಯ ಹೋಯಿತು ಎಂಬುದೇ ಕೇಸು. ಅವನು ಬಿಯರ್ ಕುಡಿಯುವ ವಯಸ್ಸಿನವನೂ ಅಲ್ಲ, ಕಾರು ಓಡಿಸುವ ವಯಸ್ಸಿನವನೂ ಅಲ್ಲ. ಬಾಲನ್ಯಾಯ ಕಾಯ್ದೆಯಲ್ಲಿ ಮಕ್ಕಳಿಗೆ ಮದ್ಯ ಕೊಟ್ಟವರಿಗೆ 7 ವರ್ಷದವರೆಗೆ ಕಠಿಣ ಶಿಕ್ಷೆ, 1 ಲಕ್ಷದವರೆಗೆ ದಂಡ ಎಂದು ಬರೆದಿದೆ. ಕಾಗದದಲ್ಲಿ ಕೊರತೆ ಏನೂ ಇರಲಿಲ್ಲ.

ನಂತರದ ಒಂದೆರಡು ತಿಂಗಳು ಪುಣೆಯ ಪಬ್ಬುಗಳ ಬಾಗಿಲಲ್ಲಿ ಆಧಾರ್ ಕೇಳುವುದೇ ಕೇಳುವುದು. ಆಗ ನನ್ನ ಬ್ಯಾಚಿನ ಹುಡುಗಿಯೊಬ್ಬಳು ಹೇಳಿದ ಮಾತು: ‘ಸರ್, ಆರು ಜನ ಹೋಗಿದ್ವಿ. ನಮ್ಮಿಬ್ಬರು ಹುಡುಗಿಯರ ಐಡಿ ನೋಡಿದರು, ಹುಡುಗರನ್ನು ಸುಮ್ಮನೆ ಒಳಗೆ ಬಿಟ್ಟರು.’ ಇದು ವಯಸ್ಸಿನ ತಪಾಸಣೆಯೋ ಇನ್ನೇನೋ ಎಂಬುದನ್ನು 2009ರ ಮಂಗಳೂರು ಪಬ್ ದಾಳಿ ನೋಡಿರುವ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ಈಗ ಆಧಾರ್ ಕೇಳುವುದೂ ತಣ್ಣಗಾಗಿದೆ.

ಇಷ್ಟು ಹೇಳಿದ ಮೇಲೆ, ಹಾಗಾದರೆ ವಯಸ್ಸನ್ನು ಇಳಿಸಿಬಿಡಿ, 18ಕ್ಕೆ ತಂದುಬಿಡಿ, ಮತ ಹಾಕುವವನಿಗೆ ಕುಡಿಯುವ ಹಕ್ಕಿಲ್ಲವೇ ಎನ್ನುವವರು ನನ್ನನ್ನು ತಮ್ಮ ಕಡೆ ಎಣಿಸಬಹುದು. ನಾನು ಅವರ ಕಡೆ ಇಲ್ಲ. 2023ರ ಜನವರಿಯಲ್ಲಿ ಕರ್ನಾಟಕ ಸರಕಾರ 21ನ್ನು 18ಕ್ಕೆ ಇಳಿಸುವ ಕರಡು ನಿಯಮ ಹೊರಡಿಸಿ ಆಕ್ಷೇಪಣೆ ಕೇಳಿತ್ತು. ಅದಕ್ಕೊಂದು ಹಿನ್ನೆಲೆ ಇದೆ. ನಮ್ಮ 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, ಲೈಸೆನ್ಸಿನ ಷರತ್ತುಗಳ 1967ರ ನಿಯಮದಲ್ಲಿ 21 ಎಂದಿದೆ. ಕಾಯ್ದೆಗೂ ನಿಯಮಕ್ಕೂ ಹೊಂದಿಕೆ ಮಾಡುತ್ತೇವೆ ಎಂಬುದು ಕೊಟ್ಟ ಕಾರಣ. ಜನ ಗದ್ದಲ ಎಬ್ಬಿಸಿದರು, ಕೆಲವೇ ದಿನಗಳಲ್ಲಿ ಸರಕಾರ ಹಿಂದೆ ಸರಿಯಿತು. ಹಿಂದೆ ಸರಿದದ್ದೇ ಒಳ್ಳೆಯದಾಯಿತು. ಹೊಂದಿಕೆ ಮಾಡುವುದೇ ಆದರೆ ಕಾಯ್ದೆಯ 18ನ್ನು 21 ಮಾಡಬಹುದಿತ್ತಲ್ಲ, ಆ ಯೋಚನೆ ಯಾರಿಗೂ ಬರಲಿಲ್ಲ. ರಾಜ್ಯಕ್ಕೆ ಅಬಕಾರಿಯಿಂದ ವರ್ಷಕ್ಕೆ 35 ಸಾವಿರ ಕೋಟಿ ರೂಪಾಯಿಯ ಆಸುಪಾಸು ಬರುವಾಗ ಬರುವುದು ಕಷ್ಟವೇ.

18 ಯಾಕೆ ಬೇಡ ಎಂಬುದಕ್ಕೆ ನ್ಯೂಜಿಲೆಂಡಿನ ಉದಾಹರಣೆ ಇದೆ. 1999ರಲ್ಲಿ ಅಲ್ಲಿ ಮದ್ಯ ಕೊಳ್ಳುವ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿದರು. ಆಮೇಲೆ ನಡೆದ ಅಧ್ಯಯನದಲ್ಲಿ, ಸ್ವಲ್ಪ ದೊಡ್ಡ ವಯಸ್ಸಿನವರಿಗೆ ಹೋಲಿಸಿದರೆ 18–19ರವರಲ್ಲಿ ರಸ್ತೆ ಅಪಘಾತದ ಗಾಯಗಳು ಹೆಚ್ಚಾದದ್ದು ಕಂಡಿತು. ಅಷ್ಟೇ ಆಗಿದ್ದರೆ ಊಹಿಸಬಹುದಾದದ್ದು. 15ರಿಂದ 17ರವರಲ್ಲೂ ಹೆಚ್ಚಾಗಿತ್ತು. ಕಾನೂನು ಅವರಿಗೆ ಏನನ್ನೂ ಸಡಿಲಿಸಿರಲಿಲ್ಲ. ಆದರೆ 18ರವನ ಗೆಳೆಯ 16ರವನು, ತಮ್ಮ 15ರವನು. ಬಾಟಲಿ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತದೆ.

ಇದನ್ನು ನಮ್ಮ ಊರಿಗೆ ಹೊಂದಿಸಿ ನೋಡಿ. 18 ಎಂದರೆ ಸೆಕೆಂಡ್ ಪಿಯುಸಿಯ ಕೊನೆ ಬೆಂಚಿನಲ್ಲೇ ಒಬ್ಬಿಬ್ಬರು ಸಿಗುತ್ತಾರೆ. ಕ್ಲಾಸಿಗೊಬ್ಬ ಕಾನೂನುಬದ್ಧ ಗಿರಾಕಿ ಸಿಕ್ಕರೆ ಸಾಕು, ಉಳಿದವರ ಕೆಲಸ ಆದಂತೆ. 21 ಎಂದರೆ ಡಿಗ್ರಿ ಮುಗಿಯುವ ಹೊತ್ತು. ಬಹುಪಾಲು ಹುಡುಗರು ಹಾಸ್ಟೆಲ್ ಬಿಟ್ಟು, ಕೈಯಲ್ಲಿ ಒಂದು ಸಂಬಳ, ಬೆಳಗ್ಗೆ ಏಳಕ್ಕೆ ಶಿಫ್ಟು ಎಂಬ ಸ್ಥಿತಿಗೆ ಬಂದಿರುತ್ತಾರೆ. ಬೆಳಗಿನ ಶಿಫ್ಟು ಎಷ್ಟೋ ಕಾನೂನಿಗಿಂತ ಗಟ್ಟಿ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಮೆರಿಕದವರು 1984ರಲ್ಲಿ ಕೇಂದ್ರದ ಕಾನೂನು ತಂದು, 21 ಮಾಡದ ರಾಜ್ಯಗಳಿಗೆ ಹೆದ್ದಾರಿ ಹಣದಲ್ಲಿ ಕಡಿತ ಮಾಡುತ್ತೇವೆ ಎಂದು ಬೆದರಿಸಿ, ನಾಲ್ಕೇ ವರ್ಷದಲ್ಲಿ ಎಲ್ಲ ರಾಜ್ಯಗಳನ್ನೂ 21ಕ್ಕೆ ತಂದರು. ಹರೆಯದವರ ರಸ್ತೆ ಸಾವು ಅದರಿಂದ ಇಳಿಯಿತೆಂದು ಅಲ್ಲಿಯ ಸರಕಾರಿ ಸಂಸ್ಥೆಗಳು ಹೇಳುತ್ತವೆ. ಅಲ್ಲೂ ತಕರಾರು ಇಲ್ಲದಿಲ್ಲ. 2008ರಲ್ಲಿ ನೂರಕ್ಕೂ ಹೆಚ್ಚು ಕಾಲೇಜುಗಳ ಮುಖ್ಯಸ್ಥರು, ಈ 21ರಿಂದ ಹುಡುಗರು ಬಾಗಿಲು ಹಾಕಿಕೊಂಡು ಒಂದೇ ಉಸಿರಿಗೆ ಕುಡಿಯುತ್ತಿದ್ದಾರೆ, ಮರುಚಿಂತನೆ ಮಾಡಿ ಎಂದು ಸಹಿ ಹಾಕಿದ್ದರು. ವಯಸ್ಸು ಬದಲಾಗಲಿಲ್ಲ. ಆದರೆ ಅಲ್ಲಿಯ ಹೆಚ್ಚಿನ ರಾಜ್ಯಗಳಲ್ಲಿ ಇನ್ನೊಂದು ಕಾನೂನು ಇದೆ. ಜೊತೆಯವನು ಪ್ರಜ್ಞೆ ತಪ್ಪಿದ ಎಂದು ಆಂಬುಲೆನ್ಸಿಗೆ ಫೋನ್ ಮಾಡಿದ ಹುಡುಗನ ಮೇಲೆ, ಅವನೂ ವಯಸ್ಸಿಗೆ ಮುಂಚೆ ಕುಡಿದಿದ್ದರೂ, ಕುಡಿದದ್ದಕ್ಕಾಗಿ ಕೇಸು ಹಾಕುವುದಿಲ್ಲ. ತಳೇಗಾಂವ್ ರಸ್ತೆಯಲ್ಲಿ ಚೂಯಿಂಗ್ ಗಮ್ ಜಗಿಯುತ್ತ ಕೂತಿದ್ದ ನಾಲ್ವರಿಗೆ ಬೇಕಾಗಿದ್ದದ್ದು ಅದು.

ಹೀಗಾಗಿ ನನ್ನ ಅಭಿಪ್ರಾಯ ಎರಡೂ ಕಡೆಯವರಿಗೆ ಹಿಡಿಸದಂಥದ್ದು. ಮಹಾರಾಷ್ಟ್ರ, ದೆಹಲಿ, ಪಂಜಾಬುಗಳಲ್ಲಿರುವ 25 ಇಳಿಯಬೇಕು, 21 ಆಗಬೇಕು. ರಾಜಸ್ಥಾನ, ಪುದುಚೇರಿಯ 18 ಏರಬೇಕು, ಅದೂ 21 ಆಗಬೇಕು. ಬಿಯರು, ವಿಸ್ಕಿ ಎಂಬ ಭೇದ ಹೋಗಬೇಕು. ಜೊತೆಗೆ 25ರಿಂದ 21ಕ್ಕೆ ಇಳಿಸಿದ ದಿನವೇ ಕೌಂಟರಿನಲ್ಲಿ ಗುರುತಿನ ಚೀಟಿ ನೋಡುವುದು ಕಡ್ಡಾಯವಾಗಬೇಕು, ಗಂಡು ಹೆಣ್ಣು ಎನ್ನದೆ. ಕೊಟ್ಟವನ ಲೈಸೆನ್ಸು ಹೋಗಬೇಕು, ಕುಡಿದ ಹುಡುಗನ ನೌಕರಿ ಅಲ್ಲ. ವಯಸ್ಸಿನ ತಪಾಸಣೆಗೆ ಗಟ್ಟಿಯಾದ ವ್ಯವಸ್ಥೆ ಬೇಕೆಂಬ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ಕೇಂದ್ರದ ಉತ್ತರ ಕೇಳಿದೆ. ಅಲ್ಲಿಂದ ಏನಾದರೂ ಬಂದರೆ ಸಂತೋಷ.

ಇಳಿಸುವ ರೀತಿಯ ಬಗ್ಗೆಯೂ ಎಚ್ಚರ ಬೇಕು. ದೆಹಲಿಯ ಕಥೆ ಅಲ್ಲಿಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 2021ರ ಮಾರ್ಚಿನಲ್ಲಿ ಹೊಸ ಅಬಕಾರಿ ನೀತಿಯ ಜೊತೆ 25 ಹೋಗಿ 21 ಬರುತ್ತದೆ ಎಂದು ಸಾರಿದರು. ಅಕ್ಕಪಕ್ಕದಲ್ಲಿ ಕಡಿಮೆ ವಯಸ್ಸು ಇರುವುದರಿಂದ ಗಿರಾಕಿಗಳು ಗಡಿ ದಾಟುತ್ತಿದ್ದಾರೆ, ವರಮಾನ ಹೋಗುತ್ತಿದೆ ಎಂಬುದು ವಾದದ ತಿರುಳು. ಕೊನೆಗೆ ಆ ನೀತಿಯೇ ಹಗರಣದ ಆರೋಪದಲ್ಲಿ ಸಿಕ್ಕಿ 2022ರಲ್ಲಿ ವಾಪಸಾಯಿತು, ವಯಸ್ಸು 25ರಲ್ಲೇ ಉಳಿಯಿತು. ಹರಿಯಾಣ 2021ರ ಡಿಸೆಂಬರಿನಲ್ಲಿ ವಿಧಾನಸಭೆಯಲ್ಲಿ ಮಸೂದೆ ತಂದು 21 ಮಾಡಿಕೊಂಡಿತು. ವಯಸ್ಸಿನ ಮಾತನ್ನು ಎತ್ತುವುದು ಯಾವಾಗಲೂ ಅಬಕಾರಿ ಇಲಾಖೆಯವರೇ, ಆರೋಗ್ಯ ಇಲಾಖೆಯವರು ಎತ್ತಿದ್ದನ್ನು ನಾನು ಕಂಡಿಲ್ಲ. ಹಾಗಾಗಿಯೇ ಜನಕ್ಕೆ ನಂಬಿಕೆ ಬರುವುದಿಲ್ಲ. ಗಲ್ಲೆ ತುಂಬಿಸಲು ಇಳಿಸುತ್ತೇವೆ ಎಂದರೆ ಯಾವ ತಾಯಿ ಒಪ್ಪುತ್ತಾಳೆ?

ತಾಯಂದಿರ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಗುವ ಮುಂಚೆ ಪ್ಯಾಕೆಟ್ ಸಾರಾಯಿ ನಮ್ಮೂರಿನ ಮನೆಗಳಿಗೆ ಏನು ಮಾಡಿತ್ತು ಎಂದು ನೋಡಿಯೇ ಬೆಳೆದವನು. ನನ್ನ ಅಕ್ಕನ ಮುಂದೆ ಈ ಲೇಖನದ ವಿಷಯ ಫೋನಿನಲ್ಲಿ ಹೇಳಿದಾಗ, ‘ನಿನಗ ಬ್ಯಾರೆ ಏನೂ ಬರಿಯಾಕ ಸಿಗಲಿಲ್ಲನೂ? ಇಳಿಸೂದ್ಯಾಕ, ನಲವತ್ತು ಮಾಡ್ರಿ’ ಎಂದಳು. ಅವಳ ಭಾವ ನನಗೆ ಅರ್ಥವಾಗುತ್ತದೆ. ಆದರೆ ನಲವತ್ತು ಎಂದು ಬರೆದು ಯಾರೂ ಕೇಳದೆ ಬಿಡುವುದಕ್ಕಿಂತ, 21 ಎಂದು ಬರೆದು ಪ್ರತಿಯೊಬ್ಬನನ್ನೂ ಕೇಳುವುದರಿಂದ ಅವಳ 17ರ ಮಗನಿಗೆ ಹೆಚ್ಚು ರಕ್ಷಣೆ ಎಂದು ಹೇಳಿದೆ. ‘ಯಾರು ಕೇಳ್ತಾರ, ನೀ ಬಂದು ನಿಂದ್ರತೀಯೇನು ಅಂಗಡ್ಯಾಗ?’ ಎಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಕಾನೂನು ಬದಲಾಗುವುದು ಯಾವಾಗಲೋ. ಅಲ್ಲಿಯವರೆಗೆ ಹೊರಗಿನ ಊರುಗಳಲ್ಲಿ ಹೊಸ ಹುಡುಗರ ಜವಾಬ್ದಾರಿ ಹೊತ್ತಿರುವ ಕನ್ನಡಿಗರು ನಮ್ಮಲ್ಲಿ ಅನೇಕರಿದ್ದೇವೆ: ಸಂಘದವರು, ಪಿಜಿ ನಡೆಸುವವರು, ನನ್ನಂತೆ ಕಂಪನಿಯಲ್ಲಿ ಇರುವವರು, ಅಣ್ಣನ ಮಗನನ್ನು ಮನೆಯಲ್ಲಿ ಇಟ್ಟುಕೊಂಡವರು. ಕಳೆದ ಜುಲೈನಿಂದ ನಾನು ಮೊದಲ ದಿನದ ಇಂಡಕ್ಷನ್‌ನಲ್ಲಿ ಸೇಫ್ಟಿ ಶೂ, ಹೆಲ್ಮೆಟ್, ಪಿಎಫ್ ಫಾರ್ಮುಗಳ ಜೊತೆ ಹದಿನೈದು ನಿಮಿಷ ಇದಕ್ಕೂ ಇಟ್ಟಿದ್ದೇನೆ. ಈ ರಾಜ್ಯದಲ್ಲಿ ವಯಸ್ಸು ಎಷ್ಟು, ಕುಡಿದು ಬಿದ್ದರೆ ಇನ್ಶೂರೆನ್ಸ್ ಹೇಗೆ ಕೈಬಿಡಬಹುದು, ಬಿಯರು ಬಾಟಲಿಗೂ ಪೆಗ್ಗಿಗೂ ಲೆಕ್ಕ ಏನು ಎಂದು ಬೋರ್ಡಿನ ಮೇಲೆ ಬರೆದೇ ತೋರಿಸುತ್ತೇನೆ. ಮೊದಲ ಸಾಲಿನವರು ನೆಲ ನೋಡುತ್ತಾರೆ, ಹಿಂದಿನವರು ಮುಸಿಮುಸಿ ನಗುತ್ತಾರೆ.

ಕೊನೆಗೆ ನನ್ನ ಮೊಬೈಲ್ ನಂಬರ್ ಬರೆದು, ರಾತ್ರಿ ಎಷ್ಟು ಹೊತ್ತಾದರೂ ಮೊದಲು 108, ಆಮೇಲೆ ನನಗೆ, ಫೋನ್ ಮಾಡಿದವನ ಹೆಸರು ನನ್ನಿಂದ ಎಚ್‌ಆರ್‌ಗೆ ಹೋಗುವುದಿಲ್ಲ ಎಂದು ಹೇಳುತ್ತೇನೆ. ಆ ಕೊನೆಯ ವಾಕ್ಯ ಕಂಪನಿಯ ಪಾಲಿಸಿಯಲ್ಲಿ ಇಲ್ಲ. ಸೇರಿಸಿ ಎಂದು ಬರೆದುಕೊಟ್ಟು ಒಂಬತ್ತು ತಿಂಗಳಾಯಿತು. ಲೀಗಲ್‌ನವರು ನೋಡುತ್ತಿದ್ದಾರಂತೆ.